13 ಪಾಯಿಂಟ್ ಇದ್ರೂ ಪಾಸ್ ಹೇಳ್ಬಹುದು ಮಾರಾಯ್ರೇ

"ಕೈಲಿ 13 ಪಾಯಿಂಟ್ ಇಟ್ಕೊಂಡು ಪಾಸ್ ಹೇಳೋದಾ ಮೇಡಂ?" ಬ್ರಿಜ್ ಕಲಿಸೋಕೆ ಶುರು ಮಾಡಿದಾಗಿಂದ ಈ ಪ್ರಶ್ನೆ ನನ್ನ ಬೆನ್ನು ಬಿಟ್ಟಿಲ್ಲ. ಬ್ರಿಜ್ ಅಂದ್ರೆ ನಾಲ್ಕು ಜನ ಎರಡು ಜೋಡಿಯಾಗಿ ಆಡೋ ಇಸ್ಪೀಟಾಟ: ಇಷ್ಟು ಟ್ರಿಕ್ (ನಾಲ್ಕೂ ಜನ ಒಂದೊಂದು ಎಲೆ ಹಾಕೋ ಸುತ್ತು) ಗೆಲ್ತೀವಿ ಅಂತ ಮೊದಲು ಬಿಡ್ ಹೇಳ್ಬೇಕು, ಬೇಡ ಅಂದ್ರೆ ಪಾಸ್. ಮಡಿಕೇರಿ ಕಡೆ ನಮ್ಮ ಮೇಜಿಗೆ ಬರೋರಲ್ಲಿ ಕಾಫಿ ತೋಟದೋರು ಒಂದಷ್ಟು, ಮಿಲಿಟರಿಯಿಂದ ರಿಟೈರ್ ಆದೋರು ಒಂದಷ್ಟು, ಇಬ್ರಿಗೂ ಸುಮ್ನೆ ಕೂರೋದು ಅಂದ್ರೆ ಆಗಲ್ಲ. ಕಕ್ಕಡದ ಮಳೇಲಿ ತೋಟಕ್ಕೆ ಕಾಲಿಡೋಕಾಗ್ದೆ ಮಧ್ಯಾಹ್ನಕ್ಕೇ ಬಂದು ಕೂರ್ತಾರೆ, ಕರೆಂಟ್ ಹೋದ್ರೆ ಎಮರ್ಜೆನ್ಸಿ ಲ್ಯಾಂಪ್ ಹಚ್ಕೊಂಡು ಆಡ್ತಾರೆ, ಆಟದ ಮೇಲೆ ಅಷ್ಟು ಪ್ರೀತಿ. ಆದ್ರೆ ಎದುರಾಳಿ ಮೂರು ಹಾರ್ಟ್ (ಹಾರ್ಟ್ ತುರುಪಲ್ಲಿ ಆರರ ಮೇಲೆ ಮೂರು, ಅಂದ್ರೆ ಒಂಬತ್ತು ಟ್ರಿಕ್ಕಿನ ಬಿಡ್) ಅಂದ ತಕ್ಷಣ ಇವ್ರ ಬಾಯಿಂದ ಮೂರು ಸ್ಪೇಡ್ ಬಂದೇ ಬರುತ್ತೆ, ಯಾಕೆ ಅಂತ ಕೇಳಿದ್ರೆ ಪಾಯಿಂಟ್ ಲೆಕ್ಕ: ಆಸಿಗೆ 4, ರಾಜನಿಗೆ 3, ರಾಣಿಗೆ 2, ಗುಲಾಮನಿಗೆ 1.

ಒಂದು ಕೈ ಹೇಳ್ತೀನಿ, ಎಲೆ ಇದ್ರೆ ಮೇಜಿನ ಮೇಲೆ ಜೋಡ್ಸಿ. ಸ್ಪೇಡ್‌ನಲ್ಲಿ ಆಸು, ರಾಜ, 8, 6, 4. ಹಾರ್ಟ್‌ನಲ್ಲಿ ರಾಣಿ, 7, 3. ಡೈಮಂಡ್‌ನಲ್ಲಿ ರಾಜ, 5. ಕ್ಲಬ್‌ನಲ್ಲಿ ಗುಲಾಮ, 7, 2. ಒಟ್ಟು 13 ಪಾಯಿಂಟ್. ನೀವು ಒಂದು ಸ್ಪೇಡ್ ಅಂತ ಓಪನ್ ಮಾಡಿದ್ರಿ, ಎಡಗಡೆಯೋರು ಎರಡು ಹಾರ್ಟ್, ಪಾರ್ಟ್‌ನರ್ ಎರಡು ಸ್ಪೇಡ್, ಬಲಗಡೆಯೋರು ಮೂರು ಹಾರ್ಟ್. ಈಗ? ಪಾಸ್. ಯೋಚ್ನೆ ಮಾಡೋಕೂ ಏನಿಲ್ಲ.

ಈಗ ಕೈ ಸ್ವಲ್ಪ ಬದ್ಲಾಯಿಸಿ. ಸ್ಪೇಡ್ ಆಸು, ರಾಜ, 9, 8, 6, 4, ಹಾರ್ಟ್ ಬರೀ 3, ಡೈಮಂಡ್ ರಾಜ, 5, 2, ಕ್ಲಬ್ ಮೊದಲಿನ ಹಾಗೇ ಗುಲಾಮ, 7, 2. ಪಾಯಿಂಟ್ 11ಕ್ಕೆ ಇಳೀತು. ಇಲ್ಲಿ ಧೈರ್ಯವಾಗಿ ಮೂರು ಸ್ಪೇಡ್ ಹೇಳಿ.

ಕ್ಲಾಸಲ್ಲಿ ಇಷ್ಟು ಹೇಳೋಷ್ಟರಲ್ಲಿ ಗಲಾಟೆ ಶುರು, ಕಮ್ಮಿ ಪಾಯಿಂಟಿಗೆ ಜಾಸ್ತಿ ಹೇಳೋದು ಯಾವ ನ್ಯಾಯ ಅಂತ. ನ್ಯಾಯ ಇರೋದು ತುರುಪಿನ ಎಲೆಗಳಲ್ಲಿ. ಎರಡೂ ಕಡೆ ಪಾಯಿಂಟ್ ಹೆಚ್ಚುಕಮ್ಮಿ ಸಮ ಇದ್ದು ಇಬ್ರಿಗೂ ಒಂದೊಂದು ಬಣ್ಣ ಹೊಂದಿಕೊಂಡಿದ್ರೆ (ಜೋಡಿಯ ಎರಡೂ ಕೈ ಸೇರಿ ಆ ಬಣ್ಣದ ಎಲೆ ಜಾಸ್ತಿ ಇದ್ರೆ), ನಮ್ಮ ತುರುಪಿನ ಎಲೆ ಎಷ್ಟು, ಅವ್ರ ತುರುಪಿನ ಎಲೆ ಎಷ್ಟು, ಎರಡನ್ನೂ ಕೂಡ್ಸಿ, ನಾವು ನಮ್ಮ ತುರುಪಲ್ಲಿ ಆಡಿದ್ರೆ ಬರೋ ಟ್ರಿಕ್ಕು ಮತ್ತೆ ಅವ್ರು ಅವ್ರ ತುರುಪಲ್ಲಿ ಆಡಿದ್ರೆ ಬರೋ ಟ್ರಿಕ್ಕು ಸೇರಿ ಸುಮಾರು ಅಷ್ಟೇ ಇರುತ್ತೆ. ಫ್ರಾನ್ಸಿನ ಝಾನ್ ರೆನೆ ವೆರ್ನ್ 1960ರ ದಶಕದಲ್ಲೇ ಇದನ್ನ ಬರೆದಿಟ್ಟಿದ್ದು, ಆಮೇಲೆ 1990ರ ದಶಕದಲ್ಲಿ ಅಮೆರಿಕದ ಲ್ಯಾರಿ ಕೋಹೆನ್ ಮನೆಮನೆಗೆ ಮುಟ್ಟಿಸಿದ್ರು.

ಮೊದಲ ಕೈಗೆ ಈ ಲೆಕ್ಕ ಹಾಕಿ. ನಿಮ್ಮ ಸ್ಪೇಡ್ ಐದು, ಎರಡು ಸ್ಪೇಡ್ ಅಂದ ಪಾರ್ಟ್‌ನರ್‌ದು ಮೂರು ಅಂತ ಇಟ್ಕೊಳ್ಳಿ, ಎಂಟು. ಹಾರ್ಟ್ ನಿಮ್ಮ ಕೈಲೇ ಮೂರು ಇರೋದ್ರಿಂದ ಅವ್ರ ಹತ್ರಾನೂ ಎಂಟೇ ಇರೋ ಸಾಧ್ಯತೆ ಜಾಸ್ತಿ. ಒಟ್ಟು 16. ಅವ್ರಿಗೆ ಮೂರು ಹಾರ್ಟ್ ಮಾಡೋಕೆ ಒಂಬತ್ತು ಟ್ರಿಕ್ ಬೇಕು, ನಿಮಗೆ ಮೂರು ಸ್ಪೇಡ್‌ಗೂ ಒಂಬತ್ತು, ಹದಿನಾರರಲ್ಲಿ ಹದಿನೆಂಟು ಎಲ್ಲಿಂದ ತರ್ತೀರಿ? ಸಾಮಾನ್ಯವಾಗಿ ಇಬ್ರಿಗೂ ಎಂಟೆಂಟು. ಸುಮ್ನಿದ್ರೆ ಅವ್ರು ಒಂದು ಡೌನ್ (ಹೇಳಿದ್ದಕ್ಕಿಂತ ಒಂದು ಟ್ರಿಕ್ ಕಮ್ಮಿ), 50 ನಿಮಗೆ. ಬಾಯಿ ತೆರೆದ್ರೆ ನೀವು ಒಂದು ಡೌನ್, 50 ಅವ್ರಿಗೆ. ನೀವು ವಲ್ನರಬಲ್ (ಸೋತ್ರೆ ದಂಡ ಜಾಸ್ತಿ ಇರೋ ಸ್ಥಿತಿ) ಆಗಿದ್ದು ಯಾರಾದ್ರೂ ಡಬಲ್ (ನೀವು ಸೋಲ್ತೀರಿ ಅನ್ನೋ ಸವಾಲು) ಹೊಡೆದ್ರೆ 200, ಒಂದೇ ಎಲೆಗಳನ್ನ ಬೇರೆ ಬೇರೆ ಜೋಡಿಗಳು ಆಡಿ ಅಂಕ ಹೋಲಿಸೋ ಪೇರ್ಸ್ ಆಟದಲ್ಲಿ ಆ ಬೋರ್ಡ್ (ಆ ಒಂದು ಹಂಚಿಕೆ) ಕಥೆ ಅಲ್ಲಿಗೆ ಮುಗೀತು. ಎರಡನೇ ಕೈಲಿ ಆರು ಮತ್ತೆ ಮೂರು ಒಂಬತ್ತು, ಅವ್ರದ್ದೂ ಒಂಬತ್ತು ಇದ್ದೀತು, ಒಟ್ಟು 18. ಅಲ್ಲಿ ಸುಮ್ನಿದ್ರೆ ಅವ್ರು 140 ಹೊಡ್ಕೊಂಡು ಹೋಗ್ತಾರೆ, ಅದೇ 140 ನಿಮ್ಮದಾಗ್ಬೇಕಿತ್ತು.

"ಪಾರ್ಟ್‌ನರ್ ಹತ್ರ ನಾಲ್ಕನೇ ಸ್ಪೇಡ್ ಇದ್ರೆ?" ಇದು ನಮ್ಮ ಕರ್ನಲ್ ಸಾಹೇಬ್ರ ಪ್ರಶ್ನೆ. ಇದ್ರೆ ಅವ್ರೇ ಹೇಳ್ತಾರೆ ಸಾರ್, ಆ ಎಲೆ ಕಾಣೋದು ಅವ್ರಿಗೆ, ನಿಮಗಲ್ಲ. ನೀವು ಓಪನ್ ಮಾಡಿದಾಗ್ಲೇ ನಿಮ್ಮ 13 ಪಾಯಿಂಟೂ ಐದು ಸ್ಪೇಡೂ ಹೇಳಿ ಆಯ್ತು, ಅದನ್ನೇ ಇನ್ನೊಂದ್ಸಲ ಯಾಕೆ ಹೇಳೋದು? ಅವ್ರು ನಕ್ಕು ಹೂಂ ಅಂತಾರೆ, ಮುಂದಿನ ಬೋರ್ಡಲ್ಲಿ ಮತ್ತೆ ಮೂರು ಸ್ಪೇಡ್. ಎದುರಿಗೆ ಕೂತಿರೋ ಅವ್ರ ಮನೆಯೋರು ಎಲೆ ಹಿಂದೆ ಮುಖ ಮುಚ್ಕೊಳ್ತಾರೆ. ನಮ್ಮಲ್ಲಿ ಇನ್ನೂ ಬಾಯಲ್ಲೇ ಬಿಡ್ ಹೇಳೋದಲ್ವಾ, ಕೆಲವರು ಅರ್ಧ ನಿಮಿಷ ಕೆಮ್ಮಿ, ಚಾವಣಿ ನೋಡಿ, "ಪಾ...ಸ್" ಅಂತ ಎಳೀತಾರೆ, ಆಚೆ ಕಡೆ ಪಾರ್ಟ್‌ನರ್ ತಕ್ಷಣ ಮೂರು ಸ್ಪೇಡ್. ಎಳೆದದ್ದನ್ನ ಕೇಳಿ ಬಿಡ್ ಮಾಡೋದು ನಿಯಮಕ್ಕೆ ವಿರುದ್ಧ, ಗೊತ್ತಿರ್ಲಿ. ಮನೆ ಆಟ ಅಂತ ನಾನು ಕಣ್ಣು ಮುಚ್ಕೊಂಡಿದ್ದೀನಿ ಅಷ್ಟೇ.

ಈ ಲೆಕ್ಕ ಅಂದಾಜಿನದ್ದು ಅನ್ನೋದೂ ನಿಜ. ಒಂದು ಟ್ರಿಕ್ ಆಕಡೆ ಈಕಡೆ ಆಗುತ್ತೆ. ಮೊದಲ ಕೈಲಿದ್ದ ಹಾರ್ಟ್ ರಾಣಿ ಥರ ಅವ್ರ ಬಣ್ಣದಲ್ಲಿ ರಾಣಿ, ಗುಲಾಮ ಕೂತಿದ್ರೆ ಒಟ್ಟು ಟ್ರಿಕ್ ಕಮ್ಮಿಯಾಗುತ್ತೆ, ಅದೂ ಪಾಸ್ ಕಡೆಗೇ ವಾಲುತ್ತೆ. ಇಬ್ರಿಗೂ ಎರಡೆರಡು ಬಣ್ಣ ಹೊಂದಿದ್ರೆ ಟ್ರಿಕ್ ಜಾಸ್ತಿ ಬರುತ್ತೆ. ನಿಮ್ಮ ಕಡೆ ಗೇಮ್ (ನಾಲ್ಕು ಸ್ಪೇಡ್ ಥರ ದೊಡ್ಡ ಬೋನಸ್ ಸಿಗೋ ಬಿಡ್) ಮಾಡೋಷ್ಟು ಶಕ್ತಿ ಇದ್ರೆ ಇದೆಲ್ಲ ಬಿಟ್ಟು ಗೇಮ್ ಹೇಳಿ. ಅವ್ರು ಎರಡು ಹಾರ್ಟ್‌ನಲ್ಲೇ ನಿಲ್ಲೋಕೆ ನೋಡಿದ್ರೆ ಎಂಟು ತುರುಪಿಗೂ ಎಷ್ಟೋ ಸಲ ಎರಡು ಸ್ಪೇಡ್ ಹೇಳ್ಬೇಕಾಗುತ್ತೆ, ಅಲ್ಲಿ ಪಾಸ್ ಮಾಡಿ ಕೂತು ಆಮೇಲೆ ಮೇಡಂ ಹೇಳಿದ್ರು ಅನ್ಬೇಡಿ. ನಾನು ಹೇಳ್ತಿರೋದು ಅವ್ರ ಮೂರರ ಮೇಲೆ ನಿಮ್ಮ ಮೂರು, ಅದೊಂದೇ.

ಇನ್ನೊಂದು, ನೀವು ಪಾಸ್ ಮಾಡಿ, ಪಾರ್ಟ್‌ನರ್ ನಾಲ್ಕನೇ ಸ್ಪೇಡ್ ನಂಬ್ಕೊಂಡು ಮೂರು ಸ್ಪೇಡ್ ಅಂದ್ರು ಅಂತ ಇಟ್ಕೊಳ್ಳಿ. ಅದು ಗೇಮಿಗೆ ಕರೆದದ್ದಲ್ಲ, ಬರೀ ಪೈಪೋಟಿ. ಹೋದ ವಾರ ಇದೇ ಪಾಠ ಮಾಡಿ ಚಹಾ ಕುಡಿಯೋಕೆ ಎದ್ದು ಬಂದ್ರೆ, ಅಷ್ಟರಲ್ಲಿ ಮೇಜಿಂದ ಕೇಳಿಸ್ತು, "ನಾಲ್ಕು ಸ್ಪೇಡ್."