ಬೂಷ್ಟಿಗೆ ಏನ್ ಹೊಡೀಬೇಕು ಸರ್?

ಹಳೇ ಗೋಡೆ ಚಿತ್ರ ಸರಿ ಮಾಡೋದು ನನ್ನ ಕೆಲ್ಸ. ಮಳೆಗಾಲ ಮುಗೀತಿದ್ದಂಗೆ ನನ್ನ ವಾಟ್ಸಾಪಿಗೆ ಫೋಟೋಗಳು ಶುರು. ಹಳೇ ದೇವಸ್ಥಾನದ ಚಾವಣಿ ಚಿತ್ರ, ಅದ್ರ ಮೇಲೆ ಕಪ್ಪು ಚುಕ್ಕಿ, "ಸರ್ ಬೂಷ್ಟು ಬಂದಿದೆ, ಏನ್ ಹೊಡೀಬೇಕು?" ನಾನು ವಾಪಸ್ ಕೇಳೋದು ಒಂದೇ, ಮೇಲೆ ಎಲ್ಲಿ ಸೋರ್ತಿದೆ?

ನಮ್ಮ ಕಡೆ ಗೋಡೆ ಚಿತ್ರ ಹೆಚ್ಚಾಗಿ ಒಣಗಿದ ಗಾರೆ ಮೇಲೆ ಬರ್ದಿರೋದು, ಬಣ್ಣದ ಪುಡಿನ ಹಿಡ್ಕೊಂಡಿರೋದು ಗೋಂದೋ ಸರೇಸೋ (ಪ್ರಾಣಿಗಳ ಚರ್ಮ, ಮೂಳೆ ಬೇಯಿಸಿ ಮಾಡೋ ಅಂಟು). ತೇವ ಸಿಕ್ಕಿದ್ರೆ ಬೂಷ್ಟಿಗೆ ಬೇಕಾಗಿರೋದೂ ಅದೇ, ಅದಕ್ಕೆ ಅದು ಊಟ. ಕಣ್ಣಿಗೆ ಕಾಣೋದು ಮೇಲಿನ ಪುಡಿ ಅಷ್ಟೇ, ಎಳೆಗಳು ಗಾರೆ ಒಳಗೆ ಇಳಿದಿರತ್ವೆ, ಅವು ಬಿಡೋ ಆಮ್ಲ ಸುಣ್ಣಾನೂ ಕರಗಿಸತ್ತೆ. ಹಂಗಾಗಿ ಒದ್ದೆ ಬಟ್ಟೆ ತಗೊಂಡು ಒರೆಸಿದ್ರೆ ಮೇಲಿನ ಬೂಷ್ಟಷ್ಟೇ ಹೋಗತ್ತೆ, ಜೊತೆಗೆ ದೇವಿ ಮುಖಾನೂ ಹೋಗತ್ತೆ. ಇನ್ನು ಬೆಳ್ಳಗೆ ಕಾಣೋದೆಲ್ಲ ಬೂಷ್ಟೂ ಅಲ್ಲ, ಎಷ್ಟೋ ಸಲ ಅದು ಗೋಡೆ ಒಳಗಿಂದ ಬಂದ ಉಪ್ಪು, ಚೂರು ತೆಗ್ದು ಒಂದು ಹನಿ ನೀರು ಬಿಟ್ರೆ ಸಾಮಾನ್ಯವಾಗಿ ಕರಗಿಬಿಡತ್ತೆ, ಬೂಷ್ಟು ಕರಗಲ್ಲ.

ಔಷಧಿ ಹೊಡ್ದು ಕೈ ಸುಟ್ಕೊಂಡ ಕಥೆ ಅಂದ್ರೆ ಫ್ರಾನ್ಸಿನ ಲಾಸ್ಕೋ ಗುಹೆದು, ಆದಿಮಾನವರು ಬರ್ದ ಚಿತ್ರ ಇರೋ ಗುಹೆ. 1940ರಲ್ಲಿ ಸಿಕ್ತು, 1948ರಲ್ಲಿ ಜನರಿಗೆ ತೆರೆದ್ರು, ದಿನಕ್ಕೆ ಸಾವಿರಕ್ಕೂ ಹೆಚ್ಚು ಜನ. ಅಲ್ಲಿ ಸೋರಿಕೆ ಅಲ್ಲ, ಜನರ ಉಸಿರು, ಮೈಬಿಸಿ, ಲೈಟು. ಹಸಿರು ಪಾಚಿ ಹತ್ಕೊಂಡು 1963ರಲ್ಲಿ ಮುಚ್ಚಲೇಬೇಕಾಯ್ತು. ಆಮೇಲೆ 2001ರ ಹೊತ್ತಿಗೆ, ಗಾಳಿ ನಿಯಂತ್ರಿಸೋ ಮಷೀನು ಬದಲಾಯಿಸಿದ ಮೇಲೆ, ಫ್ಯುಸೇರಿಯಂ ಅನ್ನೋ ಬಿಳಿ ಬೂಷ್ಟು ಹತ್ತಿ ಗಾಬರಿಯಾಗಿ ಬೆಂಜಲ್ಕೋನಿಯಂ ಕ್ಲೋರೈಡ್ ಅನ್ನೋ ಕ್ರಿಮಿನಾಶಕ ಹೊಡೆದ್ರು. ಅದಕ್ಕೆ ಬಗ್ಗದ ಬ್ಯಾಕ್ಟೀರಿಯಾ ಆರಾಮಾಗಿ ಉಳ್ಕೊಂಡ್ವು, ಕೆಲವೇ ವರ್ಷದಲ್ಲಿ ಕಪ್ಪು ಕಲೆಗಳು ಬಂದ್ವು. ಆ ಔಷಧಿ ಮುರಿದು ಉಳಿದದ್ದೇ ಕಪ್ಪು ಬೂಷ್ಟಿಗೆ ಮೇವಾಗಿರಬಹುದು ಅಂತ ಅಲ್ಲಿ ಕೆಲ್ಸ ಮಾಡಿದ ಸಂಶೋಧಕರೇ ಹೇಳ್ತಾರೆ. ಆ ಕಪ್ಪು ಮೆಲನಿನ್ ಅನ್ನೋ ಬಣ್ಣದ್ದು, ಬೂಷ್ಟು ಸತ್ರೂ ಕಲೆ ಹೋಗಲ್ಲ.

ಬಾವಲಿ ವಿಷ್ಯ ಬೇರೆ. ಅಜಂತಾದಲ್ಲೂ ಅವುಗಳ ಕಾಟ ಇದ್ದಿದ್ದೇ. ಉಚ್ಚೆ ಬಿದ್ದ ಕಡೆ ಬಣ್ಣ ಹೋಗತ್ತೆ, ಹಿಕ್ಕೆ ಬಿದ್ದ ಕಡೆ ಬೂಷ್ಟಿಗೆ ಗೊಬ್ಬರ. ಬಲೆ ಕಟ್ಟಿ, ಮರಿ ಹಾಕೋ ಕಾಲ ಕಳೆದ ಮೇಲೆ ಕಟ್ಟಿ, ಗಾಳಿ ಆಡೋದು ಮಾತ್ರ ನಿಲ್ಲಿಸ್ಬೇಡಿ.

ಈಗ ನಾನಿರೋ ಮಂಟಪದಲ್ಲಿ ಯಾರೋ ಪುಣ್ಯಾತ್ಮರು ಮಾಳಿಗೆ ಮೇಲಿನ ಹಳೇ ಸುಣ್ಣದ ಗಾರೆ ಕಿತ್ತು ಸಿಮೆಂಟ್ ಬಳ್ದಿದ್ರು. ಸಿಮೆಂಟು ಬಿರುಕು ಬಿಡ್ತು, ನೀರು ಒಳಗೆ ಹೋಯ್ತು, ಮೇಲಿಂದ ಆವಿಯಾಗಿ ಹೋಗೋಕೆ ದಾರಿ ಇಲ್ದೆ ಕೆಳಗೆ ಚಿತ್ರದ ಕಡೆಗೇ ಬಂತು. ಆರು ತಿಂಗ್ಳಿಂದ ನಮ್ಮ ಕೆಲ್ಸ ಪೂರ್ತಿ ಮಾಳಿಗೆ ಮೇಲೇನೇ, ಸಿಮೆಂಟ್ ಕೆತ್ತು, ಸುಣ್ಣ ಹಾಕು, ಮಳೆನೀರು ಹರಿಯೋ ದೋಣಿ ಕ್ಲೀನ್ ಮಾಡು. ಚಿತ್ರ ಸರಿ ಮಾಡೋಕೆ ಬಂದೋರು ಗಾರೆ ಕೆಲ್ಸ ಮಾಡ್ತಿದಾರಲ್ಲ ಅಂತ ಊರೋರಿಗೆ ನಗು. ಹಲೋಜನ್ ಲೈಟ್ ಇಟ್ಟು ಬೇಗ ಒಣಗಿಸ್ಬಹುದಲ್ವಾ ಅಂತ ಕಮಿಟಿಯವರು ದಿನಾ ಕೇಳ್ತಾರೆ. ದಿಢೀರ್ ಒಣಗಿದ್ರೆ ಗಾರೆಯೊಳಗಿನ ಉಪ್ಪು ಬಣ್ಣದ ಹಿಂದೇನೇ ಹರಳುಗಟ್ಟಿ ಹೊಪ್ಪಳಿಕೆ ಎಬ್ಬಿಸತ್ತೆ ಅಂತ ನಾನೂ ದಿನಾ ಹೇಳ್ತೀನಿ. ಚಿತ್ರಕ್ಕೆ ಇನ್ನೂ ಬ್ರಷ್ ಮುಟ್ಟಿಸಿಲ್ಲ.