ಒಂದು ಹಣ್ಣಿಗೆ ಹನ್ನೊಂದು ಅಂಕ

ಮೂಡಿಗೆರೆ ಕಡೆ ಜುಲೈ ಎಂದರೆ ಶಾಲೆಗಳಿಗೆ ಮಳೆ ರಜೆ ಸಿಗುವ ತಿಂಗಳು. ಅಂಥದ್ದೊಂದು ರಜೆಯಲ್ಲಿ ಅಕ್ಕನ ಮಗಳು, ಮೂರನೇ ತರಗತಿಯವಳು, ನನ್ನ ಲ್ಯಾಪ್‌ಟಾಪ್ ಎಳೆದುಕೊಂಡು ಕಾಫಿ ಕೊಯ್ಲಿನ ಆಟ ಕಟ್ಟಲು ಕುಳಿತಳು. ಮೇಲಿನಿಂದ ಬೀಳುವ ಕಾಫಿ ಹಣ್ಣನ್ನು ಬುಟ್ಟಿ ಸರಿಸಿ ಹಿಡಿಯಬೇಕು. ಕೆಂಪು ಹಣ್ಣಿಗೆ ಒಂದು ಅಂಕ, ಹಸಿರು ಕಾಯಿ ಬಿದ್ದರೆ ಒಂದು ಅಂಕ ಕಳೆ. ಕಾಯಿ ಕಿತ್ತವರನ್ನು ತೋಟದಲ್ಲಿ ಅಜ್ಜ ಗದರುವುದನ್ನು ಅವಳು ಬೇಕಾದಷ್ಟು ನೋಡಿದ್ದಾಳೆ.

ಇದಕ್ಕೆ ಬಳಸಿದ್ದು ಸ್ಕ್ರ್ಯಾಚ್. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ಮಿಚೆಲ್ ರೆಸ್ನಿಕ್ ಅವರ ತಂಡ ರೂಪಿಸಿ 2007ರಲ್ಲಿ ಹೊರತಂದ ಪ್ರೋಗ್ರಾಮಿಂಗ್ ಭಾಷೆ ಇದು. ಆದೇಶಗಳನ್ನು ಟೈಪ್ ಮಾಡಬೇಕಾಗಿಲ್ಲ. ಬಣ್ಣದ ಬ್ಲಾಕ್‌ಗಳನ್ನು ಒಂದಕ್ಕೊಂದು ಸಿಕ್ಕಿಸಿದರಾಯಿತು. ಎಂಟು ವರ್ಷ ದಾಟಿದವರನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ್ದು. ಐದರಿಂದ ಏಳು ವರ್ಷದವರಿಗೆ ಸ್ಕ್ರ್ಯಾಚ್ ಜೂನಿಯರ್ ಇದೆ. ಒಮ್ಮೆ ಇಳಿಸಿಕೊಂಡರೆ ಇಂಟರ್ನೆಟ್ ಬೇಕಿಲ್ಲ, ಮಲೆನಾಡಿನ ಮಳೆಗಾಲದಲ್ಲಿ ಇದು ಸಣ್ಣ ಅನುಕೂಲವಲ್ಲ.

ಸ್ಕ್ರ್ಯಾಚ್‌ನ ರಂಗಸ್ಥಳ, ಅಂದರೆ ತೆರೆಯಲ್ಲಿ ಆಟ ನಡೆಯುವ ಜಾಗ, ಅಗಲಕ್ಕೆ 480, ಎತ್ತರಕ್ಕೆ 360 ಅಳತೆಯದು. ಸೊನ್ನೆ ಇರುವುದು ನಟ್ಟನಡುವೆ. ಹಾಗಾಗಿ ಮೇಲಂಚು 180, ಕೆಳಗಿನಂಚು ಮೈನಸ್ 180. ಈ ಮೈನಸ್ ಅವಳಿಗೆ ಶಾಲೆಯಲ್ಲಿ ಇನ್ನೂ ಬಂದಿಲ್ಲ. ವಿವರಿಸುವ ಹೊತ್ತಿಗೆ ಕರೆಂಟೂ ಹೋಯಿತು, ಬ್ಯಾಟರಿಯೂ ಮುಗಿಯಿತು. ಜಗಲಿಯ ಮೇಲೆ ರಂಗೋಲಿ ಚುಕ್ಕಿ ಇಟ್ಟು ನಡುವಿನದನ್ನು ಸೊನ್ನೆ ಎಂದೆವು. ‘ಮೇಲೆ ಅಂದರೆ ಮರ, ಕೆಳಗೆ ಅಂದರೆ ಬಾವಿಯಾ ಮಾವ?’ ಎಂದಳು. ನೆಲ ಸೊನ್ನೆ, ಬಾವಿಯ ಒಳಗೆ ಇಳಿದಷ್ಟೂ ಮೈನಸ್. ಇದಕ್ಕಿಂತ ಚೆನ್ನಾಗಿ ನಾನು ಹೇಳುತ್ತಿರಲಿಲ್ಲ.

ಮರುದಿನ ಮೊದಲ ಹಣ್ಣು ಬುಟ್ಟಿಗೆ ಬಿತ್ತು. ಅಂಕ 11! ಅವಳು ಕುಣಿದಳು. ತಪ್ಪು ನನಗೆ ತಕ್ಷಣ ಹೊಳೆಯಿತು, ಕೈ ಮೌಸ್ ಕಡೆಗೆ ಹೋಯಿತು. ಕಷ್ಟಪಟ್ಟು ಕಾಫಿ ಲೋಟ ಹಿಡಿದುಕೊಂಡು ಕುಳಿತೆ.

ಆಗಿದ್ದು ಇಷ್ಟು. ‘ಬುಟ್ಟಿಗೆ ತಾಗಿದರೆ ಒಂದು ಅಂಕ ಕೂಡಿಸು’ ಎಂಬ ಆದೇಶವನ್ನು ಅವಳು ಸದಾ ತಿರುಗುವ ಬ್ಲಾಕ್‌ನೊಳಗೆ ಇಟ್ಟಿದ್ದಳು. ಆ ಬ್ಲಾಕ್ ಸೆಕೆಂಡಿಗೆ ಸುಮಾರು 30 ಸುತ್ತು ಹೊಡೆಯುತ್ತದೆ. ನಮ್ಮ ಕಣ್ಣಿಗೆ ಹಣ್ಣು ಬುಟ್ಟಿಗೆ ತಾಗಿದ್ದು ಒಂದೇ ಸಲ. ಕಂಪ್ಯೂಟರ್‌ಗೆ ಹಾಗಲ್ಲ. ಸುತ್ತಿಗೆ 5 ಅಳತೆ ಕೆಳಗಿಳಿಯುವ ಹಣ್ಣು ಬುಟ್ಟಿಯನ್ನು ಹಾದು ಹೋಗುವಷ್ಟರಲ್ಲಿ ಅದು ಹನ್ನೊಂದು ಬಾರಿ ‘ತಾಗಿದೆಯಾ?’ ಎಂದು ಕೇಳಿ, ಹನ್ನೊಂದು ಬಾರಿ ಹೌದೆನ್ನಿಸಿಕೊಂಡಿತ್ತು.

ಸಂತೋಷ ಇಳಿದ ಮೇಲೆ ಅವಳಿಗೇ ಅನುಮಾನ ಬಂತು. ಹಣ್ಣು ಬಹಳ ಜೋರಾಗಿ ಬೀಳುತ್ತಿರುವುದರಿಂದ ಹೀಗಾಗಿರಬೇಕು ಎಂದು ವೇಗವನ್ನು 5ರಿಂದ 1ಕ್ಕೆ ಇಳಿಸಿದಳು. ಅಂಕ ಐವತ್ತು ದಾಟಿತು. ಅವಳ ಊಹೆ ತಲೆಕೆಳಗಾಗಿತ್ತು, ಆದರೆ ಸುಳಿವು ಸಿಕ್ಕಿದ್ದು ಅಲ್ಲಿಯೇ. ಸ್ವಲ್ಪ ಹೊತ್ತು ತೆರೆಯನ್ನೇ ದಿಟ್ಟಿಸಿ, ‘ಬುಟ್ಟಿಯಲ್ಲಿ ಇರುವಷ್ಟು ಹೊತ್ತೂ ಎಣಿಸುತ್ತಾ ಇದೆ’ ಎಂದಳು. ಅಂಕ ಕೂಡಿಸಿದ ಕೂಡಲೇ ಹಣ್ಣನ್ನು ಮತ್ತೆ ಮೇಲೆ, 180ಕ್ಕೆ ಕಳುಹಿಸುವ ಬ್ಲಾಕ್ ಸೇರಿಸಿದಳು. ಅಂಕ 1. ಒಂದು ಊಹೆ, ಒಂದೇ ಒಂದು ಬದಲಾವಣೆ, ಮತ್ತೆ ನೋಡುವುದು: ಪ್ರಯೋಗಾಲಯದಲ್ಲಿ ನಡೆಯುವುದೂ ಇದೇ. ನಾನು ಮೌಸ್ ಮುಟ್ಟಿದ್ದರೆ ಅವಳಿಗೆ ಆಟ ಸಿಗುತ್ತಿತ್ತು, ಇದು ಸಿಗುತ್ತಿರಲಿಲ್ಲ.

1967ರಲ್ಲಿ ಮಕ್ಕಳಿಗಾಗಿ ಲೋಗೊ ಎಂಬ ಪ್ರೋಗ್ರಾಮಿಂಗ್ ಭಾಷೆ ಬಂತು. ಅದನ್ನು ರೂಪಿಸಿದವರಲ್ಲಿ ಒಬ್ಬರಾದ ಸೀಮೋರ್ ಪೇಪರ್ಟ್ ಒತ್ತಿ ಹೇಳಿದ್ದೂ ಇದನ್ನೇ. ಪ್ರೋಗ್ರಾಂನಲ್ಲಿ ತಪ್ಪು ಬಂದರೆ ಮಗು ಪೆದ್ದು ಎಂದಲ್ಲ, ಹುಡುಕಿ ತಿದ್ದುವ ಕೆಲಸ ಇದೆ ಎಂದಷ್ಟೇ. ಪುಟ್ಟ ಮಕ್ಕಳನ್ನು ನಾಳೆಯೇ ಕಂಪನಿ ಮಾಲೀಕರನ್ನಾಗಿ ಮಾಡುವ ಕೋಡಿಂಗ್ ತರಗತಿಗಳ ಜಾಹೀರಾತುಗಳಲ್ಲಿ ಈ ಮಾತು ನನಗೆ ಕಂಡಿಲ್ಲ.

ಸಂಜೆ ಅಜ್ಜ ಕನ್ನಡಕ ಏರಿಸಿಕೊಂಡು ಆಡಲು ಕುಳಿತರು. ಬಾಣದ ಕೀಲಿ ಅವರ ಬೆರಳಿಗೆ ಒಗ್ಗಲಿಲ್ಲ, ಬುಟ್ಟಿಗೆ ಬಿದ್ದಿದ್ದೆಲ್ಲ ಕಾಯಿಯೇ. ಅಂಕ ಮೈನಸ್ 7ಕ್ಕೆ ಇಳಿಯಿತು.

‘ಇದೇನು ಗೆರೆ, ಏಳರ ಹಿಂದೆ?’ ಎಂದರು.

‘ಬಾವಿಗೆ ಇಳಿದಿದ್ದೀಯ ಅಜ್ಜ. ನನಗೆ ಏಳು ಹಣ್ಣು ಸಾಲ.’