ಸಿಡುಕುವ ಸೈನಿಕ, ಸಿಡಿಯುವ ಕುರಿ

‘ವೊಲೊಲೋ...’ ಅಂದರೆ ಸಾಕು, ಸೈಬರ್ ಕೆಫೆಯಲ್ಲಿ ಗಂಟೆಗಟ್ಟಲೆ ಕೂತು ಆಡಿದವರ ಮುಖದಲ್ಲಿ ಈಗಲೂ ನಗು ಬರುತ್ತದೆ. 1997ರ ‘ಏಜ್ ಆಫ್ ಎಂಪೈರ್ಸ್’ ಎಂಬ ಕಂಪ್ಯೂಟರ್ ಆಟದಲ್ಲಿ ಪೂಜಾರಿಯೊಬ್ಬ ಹೀಗೆ ರಾಗ ಎಳೆಯುತ್ತಾನೆ. ಸ್ವಲ್ಪ ಹೊತ್ತಿಗೆ ಎದುರಾಳಿಯ ಸೈನಿಕ ಬಣ್ಣ ಬದಲಿಸಿ ನಮ್ಮವನಾಗುತ್ತಾನೆ. ಯಾವ ಕಟ್ಟಡಕ್ಕೆ ಎಷ್ಟು ಮರ ಬೇಕು ಅನ್ನೋದೆಲ್ಲ ಮರೆತಿದ್ದೇನೆ. ಆ ದನಿ ಮರೆತಿಲ್ಲ.

ಸೈನ್ಯ, ಊರು ಕಟ್ಟಿ ಯೋಚಿಸಿ ಆಡುವ ಇಂಥ ‘ಸ್ಟ್ರಾಟಜಿ’ ಆಟಗಳ ದನಿ, ತಮಾಷೆಗಳನ್ನು ಜನ ಊಟದ ಪಕ್ಕದ ಉಪ್ಪಿನಕಾಯಿಯಂತೆ ನೋಡುತ್ತಾರೆ. ನನಗೆ ಅದು ಒಪ್ಪಿಗೆಯಿಲ್ಲ. ಇವು ಹುಟ್ಟಿದ್ದು ಒಂದು ನಿಜವಾದ ಕೆಲಸಕ್ಕಾಗಿ.

ವೆಸ್ಟ್‌ವುಡ್ ಕಂಪನಿಯ ‘ಡ್ಯೂನ್ 2’ ಬಂದದ್ದು 1992ರಲ್ಲಿ. ಯುದ್ಧಭೂಮಿಯನ್ನು ಆಕಾಶದಿಂದ ನೋಡಿದಂತೆ ನೋಡುವ ಆಟ ಅದು. ಟ್ಯಾಂಕು, ಸೈನಿಕರು ಎಲ್ಲ ಉಗುರಿಗಿಂತ ಚಿಕ್ಕವು. ಅಷ್ಟು ಚಿಕ್ಕ ಗೊಂಬೆಯ ಮೇಲೆ ಕ್ಲಿಕ್ ಮಾಡಿದರೆ ಅಪ್ಪಣೆ ತಲುಪಿತೋ ಇಲ್ಲವೋ ತಿಳಿಯುವುದು ಹೇಗೆ? ಸೈನಿಕ ‘ಯೆಸ್ ಸರ್’ ಅನ್ನುತ್ತಿದ್ದ. ಹೋಟೆಲಿನಲ್ಲಿ ಸಪ್ಲೈಯರ್ ಒಳಗೆ ತಿರುಗಿ ‘ಎರಡು ಮಸಾಲೆ’ ಅಂತ ಕೂಗಿದಾಗ ನಮಗೆ ಸಮಾಧಾನ ಆಗುತ್ತದೆ ಅಲ್ವಾ, ಅದೇ ಥರ.

ಆದರೆ ಒಂದು ಆಟದಲ್ಲಿ ನೂರಾರು ಸಲ ಕ್ಲಿಕ್ ಮಾಡುತ್ತೇವೆ. ಪ್ರತಿ ಸಲ ಅದೇ ಮಾತು ಕೇಳಿದರೆ ಬೇಜಾರು. ಈ ಬೇಜಾರನ್ನೇ ತಮಾಷೆ ಮಾಡಿದವರು ಬ್ಲಿಝಾರ್ಡ್ ಕಂಪನಿಯವರು. 1995ರ ‘ವಾರ್‌ಕ್ರಾಫ್ಟ್ 2’ ಆಟದಲ್ಲಿ ಒಬ್ಬ ಸೈನಿಕನನ್ನು ಸುಮ್ನೆ ಮತ್ತೆ ಮತ್ತೆ ಕ್ಲಿಕ್ ಮಾಡಿ ನೋಡಿ. ಮೊದಲು ವಿನಯದಿಂದ ಉತ್ತರ ಕೊಡುತ್ತಾನೆ. ಆಮೇಲೆ ಸಿಡುಕುತ್ತಾನೆ. ‘ಇನ್ನೂ ಮುಟ್ಟುತ್ತಾನೇ ಇದ್ದೀಯಾ?’ ಅನ್ನುವ ಅರ್ಥದ ಮಾತು ಬರುತ್ತದೆ. ಇಂಥ ದನಿಗಳಲ್ಲಿ ಹಲವು ಬಿಲ್ ರೋಪರ್ ಅವರದು. ಅವರು ಆ ಕಂಪನಿಯಲ್ಲೇ ಕೆಲಸ ಮಾಡುತ್ತಿದ್ದವರು.

ನನಗೆ ಇದರಲ್ಲಿ ತುಂಬ ಇಷ್ಟವಾದದ್ದು ಒಂದಿದೆ. ಈ ಮಾತು ಕೇಳಬೇಕಾದರೆ ಯುದ್ಧ ಬಿಟ್ಟು ಸೋಮಾರಿಯಾಗಿ ಆಟವಾಡಬೇಕು. ಹಾಗೆ ಸೋಮಾರಿಯಾಗುವ ಆಟಗಾರನೂ ಇರುತ್ತಾನೆ ಅಂತ ತಯಾರಿಸಿದವರು ಮೊದಲೇ ಊಹಿಸಿದ್ದರು. ಅವನಿಗಾಗಿ ಮೈಕ್ ಮುಂದೆ ನಿಂತು ಮಾತಾಡಿದ್ದರು. ಮೇಯುತ್ತಿದ್ದ ಕುರಿಯನ್ನೂ ಬಿಡಲಿಲ್ಲ. ಮೇಲಿಂದ ಮೇಲೆ ಕ್ಲಿಕ್ ಮಾಡಿದರೆ ಅದು ಢಮಾರ್ ಅಂತ ಸಿಡಿಯುತ್ತದೆ. 1998ರ ‘ಸ್ಟಾರ್‌ಕ್ರಾಫ್ಟ್’ನಲ್ಲಿ ಪುಟ್ಟ ಪ್ರಾಣಿಯೊಂದನ್ನು ಹೀಗೆ ಕಾಡಿದರೆ ಅಣುಬಾಂಬಿನ ಮೋಡವೇ ಏಳುತ್ತದೆ.

ವೆಸ್ಟ್‌ವುಡ್‌ನವರು ಬೇರೆ ದಾರಿ ಹಿಡಿದರು. ಅವರು ಇಡೀ ಹಂತಗಳನ್ನೇ ಬಚ್ಚಿಟ್ಟರು. 1997ರ ‘ರೆಡ್ ಅಲರ್ಟ್: ಕೌಂಟರ್‌ಸ್ಟ್ರೈಕ್’ನಲ್ಲಿ ಶಿಫ್ಟ್ ಕೀ ಒತ್ತಿಕೊಂಡು ಮೊದಲ ಪರದೆಯ ಸ್ಪೀಕರ್ ಮೇಲೆ ಕ್ಲಿಕ್ ಮಾಡಿದರೆ ದೈತ್ಯ ಇರುವೆಗಳ ಜೊತೆ ಯುದ್ಧ ಶುರು. ಅದೇ ವರ್ಷ ಬುಲ್‌ಫ್ರಾಗ್ ಕಂಪನಿಯ ‘ಥೀಮ್ ಹಾಸ್ಪಿಟಲ್’ ಕೂಡ ಬಂತು, ಆಸ್ಪತ್ರೆ ನಡೆಸುವ ಆಟ. ಮೊದಲು ನಿಜವಾದ ಕಾಯಿಲೆಗಳನ್ನೇ ಹಾಕುವ ಯೋಚನೆಯಿತ್ತು. ನಂತರ ಅದನ್ನು ಬಿಟ್ಟು ತಲೆ ಬಲೂನಿನಂತೆ ಊದುವಂಥ ಕಾಯಿಲೆಗಳನ್ನು ಕಟ್ಟಿದರು. ಒಳ್ಳೆಯದೇ ಆಯಿತು. ನಿಜವಾದ ಕಾಯಿಲೆ ಇಟ್ಟಿದ್ದರೆ ಮನೆಯಲ್ಲಿ ರೋಗಿ ಇದ್ದವರು ನಗೋದು ಹೇಗೆ?

ಇವೆಲ್ಲ ತಯಾರಕರು ಮಾಡಿದ ತಮಾಷೆ. ಆಟಗಾರರೇ ಕಟ್ಟಿದ್ದೂ ಒಂದಿದೆ. ಅದರ ನಾಯಕ ನಮ್ಮ ಗಾಂಧೀಜಿ.

ಸಿಡ್ ಮೇಯರ್ ಅವರ ‘ಸಿವಿಲೈಸೇಷನ್’ 1991ರ ಆಟ, ಒಂದು ನಾಗರಿಕತೆಯನ್ನು ಕಟ್ಟಿ ಬೆಳೆಸುವಂಥದ್ದು. ಅದರಲ್ಲಿ ಭಾರತದ ನಾಯಕ ಗಾಂಧಿ. ಅವರ ಆಕ್ರಮಣದ ಅಂಕಿ 1 ಇತ್ತಂತೆ. ದೇಶಕ್ಕೆ ಪ್ರಜಾಪ್ರಭುತ್ವ ಬಂದರೆ ಅದರಲ್ಲಿ 2 ಕಳೆಯುತ್ತಿತ್ತಂತೆ. ಕಂಪ್ಯೂಟರ್ ಅಂಕಿ ಇಡುವ ಒಂದು ಪುಟ್ಟ ಜಾಗಕ್ಕೆ ಬೈಟ್ ಅನ್ನುತ್ತಾರೆ, ಅದರಲ್ಲಿ 0ಯಿಂದ 255ರವರೆಗೆ ಮಾತ್ರ ಜಾಗ. ಸೊನ್ನೆಗಿಂತ ಕೆಳಗಿಳಿದರೆ ಎಣಿಕೆ ಸುತ್ತಿ ಬಂದು 255 ಆಗುತ್ತದೆ. ಹಾಗಾಗಿ ಶಾಂತಿದೂತ ಇದ್ದಕ್ಕಿದ್ದಂತೆ ಅಣುಬಾಂಬ್ ಹಾಕುತ್ತಿದ್ದರಂತೆ. ಈ ಕಥೆ 2010ರ ನಂತರ ಇಂಟರ್ನೆಟ್ ತುಂಬ ಹರಡಿತು. ಕೇಳಿದವರೆಲ್ಲ ನಂಬಿದರು, ನಾನೂ ನಂಬಿದ್ದೆ. ಲೆಕ್ಕ ಅಷ್ಟು ಸರಿಯಾಗಿ ಕೂಡಿ ಬರುತ್ತದೆ!

ಆದರೆ ಆ ದೋಷ ಇರಲೇ ಇಲ್ಲ. 2020ರ ತಮ್ಮ ಆತ್ಮಕಥೆಯಲ್ಲಿ ಮೇಯರ್ ಇದನ್ನು ಸ್ಪಷ್ಟವಾಗಿ ಹೇಳಿದ್ದಾರೆ. ಅಣುಬಾಂಬ್ ಕೈಗೆ ಬಂದ ನಾಯಕರೆಲ್ಲ ಆ ಆಟದಲ್ಲಿ ಒಂದೇ ಥರ ಬೆದರಿಸುತ್ತಿದ್ದರು. ಬೇರೆಯವರ ಬಾಯಲ್ಲಿ ಕೇಳಿದರೆ ಯಾರೂ ಗಮನಿಸುತ್ತಿರಲಿಲ್ಲ. ಗಾಂಧಿ ಬಾಯಲ್ಲಿ ಬಂದದ್ದು ಮಾತ್ರ ಮನಸ್ಸಿನಲ್ಲಿ ಉಳಿಯಿತು.

2010ರ ‘ಸಿವಿಲೈಸೇಷನ್ 5’ ಕಥೆ ಬೇರೆ. ಅದರ ವಿನ್ಯಾಸಕ ಜಾನ್ ಶೇಫರ್ ಬೇಕಂತಲೇ ಗಾಂಧಿಯ ಅಣ್ವಸ್ತ್ರ ಒಲವನ್ನು 12ಕ್ಕೆ ಇಟ್ಟರು. ಆ ಅಳತೆ 10ಕ್ಕೆ ಮುಗಿಯಬೇಕಿತ್ತು. 2016ರ ‘ಸಿವಿಲೈಸೇಷನ್ 6’ನಲ್ಲಿ ನಾಯಕರಿಗೆಲ್ಲ ಒಂದು ಗುಟ್ಟಿನ ಸ್ವಭಾವ ಇರುತ್ತದೆ. ಗಾಂಧಿಗೆ ಹೆಚ್ಚಿನ ಸಲ ಬರುವುದು ಅಣುಬಾಂಬಿನ ಹುಚ್ಚೇ. ಕಥೆ ಗೊತ್ತಿರುವವರು ಅವರ ಗಡಿಯ ಪಕ್ಕ ಊರು ಕಟ್ಟುವ ಮುಂಚೆ ಎರಡು ಸಲ ಯೋಚಿಸುತ್ತಾರೆ.